ಬೆಳಗಿನ ರೇಡಿಯೊದ ಮಾತಿಲ್ಲದ ರಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಸಾಹಿತ್ಯವಿಲ್ಲದೆ, ವಾದ್ಯದಲ್ಲಿ ಮಾತ್ರ ಕೇಳಿ ನಿಮ್ಮ ಮನಸ್ಸಿನಲ್ಲಿ ಉಳಿದ ರಚನೆ ಯಾವುದು ಎಂದು ಹಿಂದಿನ ಸಂಚಿಕೆಯ ಈ ಅಂಕಣದಲ್ಲಿ ಓದುಗರನ್ನು ಕೇಳಿದ್ದೆ. ವೀಣೆ, ನಾಗಸ್ವರ, ಪಿಟೀಲುಗಳ ಕೃತಿಗಳನ್ನು ನೆನೆದು ಬರೆದವರಿದ್ದಾರೆ. ಆದರೆ ಬಂದ ಪತ್ರಗಳಲ್ಲಿ ಮೂರು ಒಂದೇ ಧ್ವನಿಯನ್ನು ಕುರಿತಿದ್ದವು. ಆಕಾಶವಾಣಿಯ ಪ್ರಸಾರ ಆರಂಭವಾಗುವ ಮುನ್ನ ಕೇಳಿಬರುವ, ನಾವೆಲ್ಲರೂ ಬಲ್ಲ ಆ ಸಂಕೇತ ಧ್ವನಿಯೇ ಅದು. ಮೂವರಿಗೂ ಈ ಬಾರಿ ಉತ್ತರಿಸುತ್ತಿದ್ದೇನೆ. ಮೊದಲ ಪತ್ರ ಸ್ವಲ್ಪ ದೀರ್ಘವಾಗಿದ್ದರೂ ಅದನ್ನು ಕತ್ತರಿಸಲು ಮನಸ್ಸು ಬರಲಿಲ್ಲ.

ಪ್ರಶ್ನೆ: ನಮ್ಮ ತಂದೆ ಮಂಡ್ಯದ ಸಮೀಪದ ಹಳ್ಳಿಯಲ್ಲಿ ಆಲೆಮನೆ ನಡೆಸುತ್ತಿದ್ದರು. ಕಬ್ಬು ಅರೆಯುವ ದಿನಗಳಲ್ಲಿ ನಡುರಾತ್ರಿಯೇ ಎದ್ದು ಹೋಗಿ, ಮೊದಲ ಕೊಪ್ಪರಿಗೆಯ ಪಾಕ ಇಳಿಸಿ, ಬೆಳಗಿನ ಆರು ಗಂಟೆಗೆ ಮುಂಚೆ ಒಮ್ಮೆ ಮನೆಗೆ ಬರುತ್ತಿದ್ದರು. ಬಂದವರು ಕೈಕಾಲು ತೊಳೆಯುವುದಕ್ಕೂ ಮೊದಲು ಗೋಡೆಯ ಗೂಡಿನಲ್ಲಿದ್ದ ರೇಡಿಯೊದ ಕಿವಿ ತಿರುಗಿಸುತ್ತಿದ್ದರು. ದೀಪ ಹತ್ತಿ, ಸ್ವಲ್ಪ ಹೊತ್ತು ಗೊರಗೊರ ಸದ್ದಾಗಿ, ಆಮೇಲೆ ಆ ರಾಗ ಕೇಳುತ್ತಿತ್ತು. ಅವರ ಬೆರಳಿನ ಬೆಲ್ಲ ಅಂಟಿ ರೇಡಿಯೊದ ತಿರುಪು ಸದಾ ಜಿಗುಟಾಗಿರುತ್ತಿತ್ತು. ಅದಕ್ಕೆ ಇರುವೆ ಹತ್ತುತ್ತದೆಂದು ನಮ್ಮವ್ವ ದಿನವೂ ಗೊಣಗುತ್ತಿದ್ದಳು. ಬಾಳೆಎಲೆಯಲ್ಲಿ ಸುತ್ತಿ ತಂದ ಬಿಸಿ ಬೆಲ್ಲವನ್ನು ನಮಗೆ ಹಂಚುವಷ್ಟರಲ್ಲಿ ‘ವಂದೇ ಮಾತರಂ’ ಶುರುವಾಗುತ್ತಿತ್ತು. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಮನೆ ಪಾಲಾದಾಗ ರೇಡಿಯೊ ಅಣ್ಣನ ಕಡೆಗೆ ಹೋಗಿ, ಅಲ್ಲಿಂದ ಗುಜರಿಗೆ ಹೋಯಿತಂತೆ. ಹೋದ ತಿಂಗಳು ನನ್ನ ಮಗ ತನ್ನ ಫೋನಿನಲ್ಲಿ ಆ ರಾಗವನ್ನು ಹುಡುಕಿ ಕೇಳಿಸಿದ. ಒಲೆಯ ಮುಂದೆ ಕುಳಿತಿದ್ದವಳು ಅಳಲು ಶುರುಮಾಡಿದೆ, ನಿಲ್ಲಿಸಲಾಗಲಿಲ್ಲ. ಅಂದಿನಿಂದ ದಿನವೂ ಬೆಳಿಗ್ಗೆ ಕೇಳುತ್ತೇನೆ. ಆದರೆ ನನ್ನ ನಾದಿನಿ, ಅದು ಶಿವರಂಜನಿ ರಾಗವೆಂದೂ, ಶೋಕದ ರಾಗವೆಂದೂ, ಮಗಳು ಹೆರಿಗೆಗೆ ಬಂದಿರುವ ಮನೆಯಲ್ಲಿ ಬೆಳಿಗ್ಗೆ ಎದ್ದು ಅದನ್ನು ಹಾಕಬಾರದೆಂದೂ ಹೇಳುತ್ತಿದ್ದಾಳೆ. ಇದು ನಿಜವೇ? ನನಗೆ ಅಳು ಬರುವುದು ಆ ರಾಗದ ಗುಣದಿಂದಲೇ?
– ಓದುಗರು, ಮಂಡ್ಯ ತಾಲ್ಲೂಕು

ಉತ್ತರ: ತಾಯಿ, ಮೊದಲು ನಿಮ್ಮ ಆತಂಕಕ್ಕೆ ಉತ್ತರ ಹೇಳಿಬಿಡುತ್ತೇನೆ. ಆ ಧ್ವನಿಯನ್ನು ನೀವು ದಿನವೂ ಬೆಳಿಗ್ಗೆ ಧಾರಾಳವಾಗಿ ಕೇಳಬಹುದು. ನಿಮ್ಮ ಮಗಳಿಗಾಗಲಿ ಹುಟ್ಟುವ ಮಗುವಿಗಾಗಲಿ ಅದರಿಂದ ಯಾವ ಕೇಡೂ ಇಲ್ಲ. ನಿಮ್ಮ ನಾದಿನಿಯವರು ಹೇಳಿದ ಎರಡು ಮಾತುಗಳಲ್ಲಿ ಒಂದು ಸರಿ, ಇನ್ನೊಂದು ಸರಿಯಲ್ಲ. ಆ ಧ್ವನಿಯಲ್ಲಿ ಶಿವರಂಜನಿಯ ಛಾಯೆ ಇರುವುದು ನಿಜ. ಷಡ್ಜ, ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಪಂಚಮ, ಚತುಶ್ರುತಿ ಧೈವತ ಎಂಬ ಐದು ಸ್ವರಗಳ ಈ ರಾಗವನ್ನು ನಮ್ಮ ಪದ್ಧತಿಯಲ್ಲಿ 22ನೆಯ ಮೇಳ, ಅಂದರೆ ಮೂಲ ರಾಗ, ಆದ ಖರಹರಪ್ರಿಯದಿಂದ ಹುಟ್ಟಿದ ಜನ್ಯವೆಂದು ಎಣಿಸುತ್ತಾರೆ. ಕರುಣರಸಕ್ಕೆ ಅದು ಒದಗಿಬರುತ್ತದೆ ಎಂಬುದೂ ನಿಜ. ಆದರೆ ಒದಗಿಬರುವುದು ಬೇರೆ, ಅಪಶಕುನವಾಗುವುದು ಬೇರೆ.

ರಾಗಗಳ ಬಗ್ಗೆ ಇಂತಹ ಅಂಜಿಕೆಗಳು ನಮ್ಮಲ್ಲಿ ಹಿಂದಿನಿಂದಲೂ ಇವೆ. ಬೆಳಿಗ್ಗೆ ಆಹಿರಿ ಹಾಡಿದರೆ ಅಂದು ಅನ್ನ ಹುಟ್ಟುವುದಿಲ್ಲವೆಂಬ ಮಾತನ್ನು ಸಂಗೀತ ಕಲಿಯುವವರೆಲ್ಲರೂ ಒಂದಲ್ಲ ಒಂದು ದಿನ ಕೇಳಿರುತ್ತಾರೆ. ಆದರೂ ವಿದ್ವಾಂಸರು ಆಹಿರಿಯನ್ನು ಬಿಟ್ಟಿಲ್ಲ. ಮುಖಾರಿಯನ್ನು ಅಳುವ ರಾಗವೆಂದು ಬಹಳ ಜನ ಮೂಲೆಗೆ ತಳ್ಳಿದ್ದಾರೆ. ಶಬರಿಯ ಭಾಗ್ಯವನ್ನು ಏನೆಂದು ವರ್ಣಿಸಲಿ ಎಂದು ಆನಂದದಿಂದ ಹಿಗ್ಗುವ ‘ಎಂತನಿನ್ನೇ’ ಕೃತಿಯನ್ನು ತ್ಯಾಗರಾಜರು ರಚಿಸಿದ್ದು ಅದೇ ಮುಖಾರಿಯಲ್ಲಿ. ರಾಗದ ಮೇಲೆ ಹೊರಿಸಿದ ಅಪವಾದಗಳಲ್ಲಿ ಬಹುಪಾಲು ಇಂಥವೇ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಎರಡನೆಯ ಪ್ರಶ್ನೆ ಇದಕ್ಕಿಂತ ಆಳವಾದುದು. ಅಳು ರಾಗದಿಂದ ಬರುತ್ತದೆಯೇ ಎಂದು ಕೇಳಿದ್ದೀರಿ. ಇದಕ್ಕೆ ಶಾಸ್ತ್ರದಲ್ಲಿ ಉತ್ತರ ಹುಡುಕುವ ಬದಲು ನನ್ನ ಮನೆಯದೇ ಒಂದು ಸಂಗತಿಯನ್ನು ಹೇಳುತ್ತೇನೆ.

ನಾನು ಬೆಳೆದದ್ದು ಮೈಸೂರಿನ ಚಾಮುಂಡಿಪುರದಲ್ಲಿ. ನಮ್ಮ ತಾಯಿ ಬೆಳಗಿನ ಜಾವದಲ್ಲಿ ಸ್ನಾನ ಮುಗಿಸಿ, ನಡುಮನೆಯಲ್ಲಿ ಚಾಪೆ ಹಾಸಿ, ವೀಣೆಯ ಶ್ರುತಿ ಮಾಡಿಕೊಳ್ಳಲು ಕೂರುತ್ತಿದ್ದರು. ಅದೇ ಕೋಣೆಯ ಮೇಜಿನ ಮೇಲೆ ರೇಡಿಯೊ ಇತ್ತು. ನಮ್ಮ ಮನೆಯ ವೀಣೆಯ ಶ್ರುತಿಗೂ ರೇಡಿಯೊದ ಆ ಧ್ವನಿಯ ಶ್ರುತಿಗೂ ಹೊಂದುತ್ತಿರಲಿಲ್ಲ. ಆದುದರಿಂದ ಅದು ಶುರುವಾದ ಕೂಡಲೇ ತಾಯಿಯವರು ಬಿರಡೆಯ ಮೇಲಿದ್ದ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತುಬಿಡುತ್ತಿದ್ದರು. ಬೇರೆ ಶ್ರುತಿ ಕಿವಿಗೆ ಹತ್ತಿದರೆ ತಮ್ಮ ಷಡ್ಜ ಜಾರುತ್ತದೆ ಎಂಬುದು ಅವರ ಲೆಕ್ಕ. ಬೆಳಗಿನಿಂದ ರಾತ್ರಿಯವರೆಗೆ ಒಂದು ಗಳಿಗೆಯೂ ಕೈಕಟ್ಟಿ ಕೂರದ ಆ ಹೆಂಗಸು ದಿನದಲ್ಲಿ ಬಿಡುವಾಗಿ ಕಾಣುತ್ತಿದ್ದುದು ಆ ಒಂದೆರಡು ನಿಮಿಷ ಮಾತ್ರ. ನಾವು ಮಕ್ಕಳು ಅದನ್ನು ಕಂಡುಕೊಂಡಿದ್ದೆವು. ಹಾಸಿಗೆಯಿಂದ ಎದ್ದು ಬಂದು ಅವರ ತೊಡೆಗೆ ತಲೆ ಆನಿಸುವುದಿದ್ದರೆ ಅದೇ ಸಮಯ. ಆ ಧ್ವನಿ ನಿಂತ ಮೇಲೆ ತೊಡೆಯ ಜಾಗ ವೀಣೆಗೆ ಸೇರಿದ್ದು. ಬಚ್ಚಲ ಒಲೆಯಲ್ಲಿ ಉರಿಯುತ್ತಿದ್ದ ತೆಂಗಿನ ಗರಿಯ ಹೊಗೆ, ಅವರ ಒದ್ದೆ ಕೂದಲಿನಿಂದ ನನ್ನ ಕತ್ತಿನ ಮೇಲೆ ತೊಟ್ಟಿಕ್ಕುತ್ತಿದ್ದ ತಣ್ಣನೆಯ ನೀರು, ಇವು ಈಗಲೂ ಆ ಧ್ವನಿಯ ಜೊತೆಗೇ ಬರುತ್ತವೆ. ತಾಯಿ ಈಗ ಇಲ್ಲ. ಆದರೂ ಆ ಧ್ವನಿ ಕೇಳಿದಾಗ ನನಗೆ ಅಳು ಬರುವುದಿಲ್ಲ. ಯಾರೋ ತಲೆ ಸವರಿದಂತೆ ಮನಸ್ಸು ತಣ್ಣಗಾಗುತ್ತದೆ.

ರಾಗ ಒಂದೇ, ಸ್ವರಗಳು ಅವೇ, ಮುದ್ರಿಸಿದ ಧ್ವನಿಯೂ ಅದೇ. ಅದೇ ಹೊತ್ತಿನಲ್ಲಿ ಮಂಡ್ಯದ ನಿಮ್ಮ ಮನೆಯಲ್ಲೂ ಮೈಸೂರಿನ ನಮ್ಮ ಮನೆಯಲ್ಲೂ ಕೇಳಿದ ಅದು ನಿಮಗೆ ಕಣ್ಣೀರಾಗಿಯೂ ನನಗೆ ತಂಪಾಗಿಯೂ ಒದಗಿದೆ. ಆದುದರಿಂದ ಅಳು ಇರುವುದು ಗಾಂಧಾರದಲ್ಲಿ ಅಲ್ಲ, ರೇಡಿಯೊದ ತಿರುಪಿಗೆ ಅಂಟಿದ್ದ ಬೆಲ್ಲದಲ್ಲಿ ಎಂದು ನಾನು ನಂಬಿದ್ದೇನೆ.

ಇದಕ್ಕೆ ಆ ಧ್ವನಿಯ ಕೆಲಸವೂ ಕಾರಣವಾಗಿದೆ. ಕಚೇರಿಯಲ್ಲಿ ಕೇಳುವ ಕೃತಿಯನ್ನು ನಾವು ಕಿವಿಗೊಟ್ಟು ಕೇಳುತ್ತೇವೆ. ಅದಕ್ಕೆ ಪಲ್ಲವಿ, ಚರಣಗಳಿವೆ, ಅರ್ಥವಿದೆ, ಹಾಡಿದವರ ಹೆಸರಿದೆ. ಆಕಾಶವಾಣಿಯ ಈ ಧ್ವನಿ ಹಾಗೆ ಕೇಳಿಸಿಕೊಳ್ಳಲೆಂದು ಹುಟ್ಟಿದ್ದಲ್ಲ. ಪ್ರಸಾರ ಇನ್ನೂ ಆರಂಭವಾಗಿಲ್ಲ, ಆದರೆ ನಿಲಯ ಎಚ್ಚರವಾಗಿದೆ ಎಂದು ತಿಳಿಸುವುದು, ಕೇಳುಗರು ಮುಳ್ಳನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿಕೊಳ್ಳಲು ಅವಕಾಶ ಕೊಡುವುದು ಇಂತಹ ಸಂಕೇತ ಧ್ವನಿಗಳ ಕೆಲಸ. ಅದಕ್ಕಾಗಿಯೇ ಅದು ಮತ್ತೆ ಮತ್ತೆ ಮರಳಿ ಬರುತ್ತದೆ. ಅದು ಕಾಯುವ ಹೊತ್ತಿನ ಸಂಗೀತ. ಕಿವಿಯನ್ನು ಅದಕ್ಕೆ ಬಿಟ್ಟು ನಮ್ಮ ಕೈ, ಕಣ್ಣು, ಮೂಗುಗಳು ಮನೆಯೊಳಗೆ ಓಡಾಡಿಕೊಂಡಿದ್ದವು. ಹೀಗೆ ಸಾವಿರಾರು ಬೆಳಗುಗಳಲ್ಲಿ ಆ ಸ್ವರಗಳ ಸುತ್ತ ನಡೆದದ್ದೆಲ್ಲ ಅವುಗಳ ಒಳಕ್ಕೆ ಇಳಿದಿದೆ. ಸಾಹಿತ್ಯವಿದ್ದಿದ್ದರೆ ಆ ಜಾಗವನ್ನು ಕವಿಯ ಮಾತು ತುಂಬಿಕೊಳ್ಳುತ್ತಿತ್ತು. ಮಾತಿಲ್ಲದ್ದರಿಂದ ನಿಮ್ಮ ತಂದೆಯವರಿಗೂ ನನ್ನ ತಾಯಿಗೂ ಅಲ್ಲಿ ಜಾಗ ಸಿಕ್ಕಿತು.

ಇನ್ನೊಂದು ಮಾತು. ಮಗಳು ಹೆರಿಗೆಗೆ ಬಂದಿದ್ದಾಳೆ ಎಂದಿರಿ. ಆ ಧ್ವನಿಯನ್ನು ಕೇಳಿಸುವಾಗ ಆಲೆಮನೆಯ ಸಂಗತಿಯನ್ನೂ ಅವಳಿಗೆ ಹೇಳಿ. ಸಾಧ್ಯವಾದರೆ ಆ ಹೊತ್ತಿಗೆ ಒಂದು ಚೂರು ಬೆಲ್ಲವನ್ನು ಅವಳ ಕೈಗೆ ಕೊಡಿ. ನಿಮ್ಮ ನಾದಿನಿಯವರಿಗೂ ಕೊಡಿ.

ಪ್ರಶ್ನೆ: ಆಕಾಶವಾಣಿಯ ಸಂಕೇತ ಧ್ವನಿಯನ್ನು ರಚಿಸಿದವರು ಮೈಸೂರಿನವರು ಎಂದು ನಮ್ಮ ತಾತ ಹೇಳುತ್ತಿದ್ದರು. ಕಾಲೇಜಿನ ಗೆಳೆಯರು ಅದು ವಿದೇಶಿಯೊಬ್ಬರ ರಚನೆ ಎನ್ನುತ್ತಾರೆ. ಯಾವುದು ಸರಿ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಸರಿ, ಆದರೆ ನಿಮ್ಮ ತಾತನವರ ಮಾತು ಎಲ್ಲಿಂದ ಬಂದಿರಬಹುದೆಂದು ನಾನು ಊಹಿಸಬಲ್ಲೆ. ಮೈಸೂರು ಕೊಟ್ಟದ್ದು ಧ್ವನಿಯನ್ನಲ್ಲ, ಹೆಸರನ್ನು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್‌ನಲ್ಲಿ ‘ವಿಠ್ಠಲ ವಿಹಾರ’ ಎಂಬ ತಮ್ಮ ಮನೆಯಲ್ಲಿಯೇ, ಕೇವಲ 30 ವಾಟ್ ಸಾಮರ್ಥ್ಯದ ಪ್ರೇಷಕ ಯಂತ್ರವನ್ನಿಟ್ಟುಕೊಂಡು ಒಂದು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಹಿಂದೆ ನಮ್ಮ ಅಡುಗೆಮನೆಯಲ್ಲಿ ಉರಿಯುತ್ತಿದ್ದ 40 ವಾಟಿನ ಹಳೆಯ ಬಲ್ಬಿಗೆ ಬೇಕಾಗುತ್ತಿದ್ದುದಕ್ಕಿಂತಲೂ ಕಡಿಮೆ ಶಕ್ತಿ ಅದು. ಆ ಕೇಂದ್ರಕ್ಕೆ ಬಂದ ಹೆಸರು ‘ಆಕಾಶವಾಣಿ’. ಅದನ್ನು ಸೂಚಿಸಿದವರು ಸಾಹಿತಿ ನಾ. ಕಸ್ತೂರಿಯವರು ಎಂಬ ಮಾತು ಪ್ರಚಲಿತವಾಗಿದೆ. 1950ರ ದಶಕದಲ್ಲಿ ಇಡೀ ದೇಶದ ಬಾನುಲಿಯೇ ಈ ಹೆಸರನ್ನು ತನ್ನದಾಗಿಸಿಕೊಂಡಿತು. ಯಾದವಗಿರಿಯ ನಿಲಯದ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಇದು ನೆನಪಾಗಿ ಅಭಿಮಾನವೆನಿಸುತ್ತದೆ.

ಧ್ವನಿಯ ಕತೆ ಬೇರೆ. ಅದನ್ನು ರಚಿಸಿದವರು ವಾಲ್ಟರ್ ಕಾಫ್‌ಮನ್ ಎಂದು ಸಾಮಾನ್ಯವಾಗಿ ಒಪ್ಪಲಾಗಿದೆ. 1907ರಲ್ಲಿ ಬೊಹೀಮಿಯಾದ (ಇಂದಿನ ಚೆಕ್ ದೇಶದ) ಕಾರ್ಲ್ಸ್‌ಬಾದ್ ಪಟ್ಟಣದಲ್ಲಿ, ಯಹೂದಿ ಕುಟುಂಬದಲ್ಲಿ ಹುಟ್ಟಿದ ಅವರು, ಹಿಟ್ಲರನ ಆಳ್ವಿಕೆಯಿಂದ ಯೂರೋಪಿನಲ್ಲಿ ಬದುಕು ಕಠಿಣವಾದಾಗ 1934ರಲ್ಲಿ ಮುಂಬಯಿಗೆ ಬಂದು ಇಳಿದರು. ಅಲ್ಲಿನ ಬಾನುಲಿ ನಿಲಯದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತು 1946ರವರೆಗೆ ಇದ್ದರು. ತಂಬೂರಿಯ ಶ್ರುತಿಯ ಮೇಲೆ ಪಿಟೀಲು ಹಾಡುವ ಈ ಧ್ವನಿ 1936ರ ಸುಮಾರಿನದು. ಪಿಟೀಲು ನುಡಿಸಿದವರು ಮೆಹ್ಲಿ ಮೆಹ್ತಾ, ಅಂದರೆ ವಾದ್ಯವೃಂದ ನಿರ್ದೇಶಕ ಜುಬಿನ್ ಮೆಹ್ತಾ ಅವರ ತಂದೆ ಎಂದು ಹೇಳುತ್ತಾರೆ.

ಕಾಫ್‌ಮನ್ ಅವರ ಬಗ್ಗೆ ನನಗೆ ವಿಶೇಷ ಗೌರವವಿರುವುದು ಇನ್ನೊಂದು ಕಾರಣಕ್ಕೆ. ಭಾರತದ ಸಂಗೀತವನ್ನು ಮೊದಲು ಕೇಳಿದಾಗ ಅವರಿಗೆ ಅದು ಏನೇನೂ ಅರ್ಥವಾಗಿರಲಿಲ್ಲ. ಲಕ್ಷಾಂತರ ಜನ ಪ್ರೀತಿಸುವ ಸಂಗೀತ ತನಗೆ ಹಿಡಿಸದಿದ್ದರೆ ದೋಷ ತನ್ನದೇ ಇರಬೇಕೆಂದು ತೀರ್ಮಾನಿಸಿ, ಅವರು ಅದನ್ನು ಕಲಿಯಲು ಕುಳಿತರು. ಕೊನೆಗೆ ಅಮೆರಿಕದಲ್ಲಿ ನೆಲೆಸಿದ ಅವರು ಉತ್ತರ ಭಾರತದ ರಾಗಗಳ ಮೇಲೊಂದು, ದಕ್ಷಿಣದ ರಾಗಗಳ ಮೇಲೊಂದು ದೊಡ್ಡ ಗ್ರಂಥವನ್ನೇ ಬರೆದರು. ಊರು ಬಿಟ್ಟು ಬಂದ ಮನುಷ್ಯ ಕಟ್ಟಿದ ಸ್ವರಗಳು ನಮ್ಮ ಹಳ್ಳಿ ಹಳ್ಳಿಯ ಮನೆಗಳಲ್ಲಿ ಬೆಳಗಿನ ಗುರುತಾಗಿ ನಿಂತವು. ಮೇಲಿನ ಪತ್ರವನ್ನು ಅವರು ಓದುವಂತಿದ್ದರೆ ಎಂದು ನನಗೆ ಬಹಳ ಅನ್ನಿಸಿತು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 64. ನನ್ನ ಪತ್ನಿ ವೀಣೆ ನುಡಿಸುತ್ತಿದ್ದರು. ವೀಣೆ ಶೇಷಣ್ಣನವರ ಝಂಝೂಟಿ ತಿಲ್ಲಾನ ಅವರಿಗೆ ಬಹಳ ಪ್ರಿಯವಾಗಿತ್ತು. ಅವರು ಹೋದ ಮೇಲೆ ಮೂರು ವರ್ಷಗಳಿಂದ ವೀಣೆ ಗವಸಿನಲ್ಲಿಯೇ ಇದೆ. ತಿಲ್ಲಾನ ಕಲಿಯುವ ಶಕ್ತಿ ನನಗಿಲ್ಲವೆಂದು ಗೊತ್ತು. ಮದುವೆಯಾದ ಹೊಸದರಲ್ಲಿ ಅವರು ಆಕಾಶವಾಣಿಯ ಸಂಕೇತ ಧ್ವನಿಯನ್ನು ವೀಣೆಯಲ್ಲಿ ನುಡಿಸಿ ನನ್ನನ್ನು ಎಬ್ಬಿಸುತ್ತಿದ್ದರು. ಅದೊಂದನ್ನು ಮಾತ್ರ ಕಲಿಯಬೇಕೆಂಬ ಆಸೆ. ಸರಳೆ, ಜಂಟಿ ವರಸೆಗಳಂಥ ಆರಂಭದ ಪಾಠಗಳನ್ನು ಬಿಟ್ಟು ಒಂದೇ ಧ್ವನಿಗಾಗಿ ವೀಣೆ ಮುಟ್ಟುವುದು ವಾದ್ಯಕ್ಕೆ ಅಪಚಾರವಾಗುತ್ತದೆಯೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಮೇಷ್ಟ್ರೇ, ಮೂರು ವರ್ಷದಿಂದ ಗವಸಿನಲ್ಲಿರುವ ವೀಣೆಯನ್ನು ಹೊರತೆಗೆಯುವುದರಲ್ಲಿ ಅಪಚಾರದ ಮಾತೇ ಇಲ್ಲ. ನಾನು ಪಾಠ ಹೇಳುವವನು. ಮಕ್ಕಳಿಗಾದರೆ ಸರಳೆಯಿಂದಲೇ ಶುರುಮಾಡಿ ಎಂದು ಕಟ್ಟುನಿಟ್ಟಾಗಿ ಹೇಳುತ್ತೇನೆ. ತಮ್ಮ ಉದ್ದೇಶ ಬೇರೆ ಇರುವುದರಿಂದ ತಮಗೆ ದಾರಿಯೂ ಬೇರೆ. ತಮ್ಮ ಪತ್ನಿಯವರು ಮೆಚ್ಚಿದ್ದ ತಿಲ್ಲಾನ ಮೈಸೂರು ವೀಣಾ ಪರಂಪರೆಯ ಒಂದು ಮುಕುಟಮಣಿ. ನಾಲ್ವಡಿ ಕೃಷ್ಣರಾಜ ಒಡೆಯರಿಂದ ‘ವೈಣಿಕ ಶಿಖಾಮಣಿ’ ಬಿರುದು ಪಡೆದ ಶೇಷಣ್ಣನವರ (1852–1926) ಆ ರಚನೆಯನ್ನು ವಿ. ದೊರೆಸ್ವಾಮಿ ಅಯ್ಯಂಗಾರ್ಯರ ವಾದನದಲ್ಲಿ ಕೇಳಿದವರು ಮರೆಯಲಾರರು. ಅದನ್ನು ಕೇಳುವುದಷ್ಟೇ ತಮ್ಮ ಪಾಲಿಗಿರಲಿ. ನುಡಿಸಲು ಈ ಧ್ವನಿ ಸಾಕು.

ಮೊದಲು ವಾದ್ಯವನ್ನು ನೋಡಬೇಕು. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕುಳಿತಿರುತ್ತವೆ. ಬಹಳ ದಿನ ಬಳಸದೆ ಇಟ್ಟರೆ, ಅದರಲ್ಲೂ ಬೇಸಗೆಯ ಬಿಸಿಗೆ, ಮೇಣ ಸಡಿಲಿ ಮೆಟ್ಟಿಲುಗಳು ಒಂದಿಷ್ಟು ವಾಲಿರುವುದುಂಟು. ಸಾರಣಿಯನ್ನು, ಅಂದರೆ ಮುಖ್ಯವಾಗಿ ನುಡಿಸುವ ಮೊದಲ ತಂತಿಯನ್ನು, ಬಿಡಿಯಾಗಿ ಮೀಟಿ, ಆಮೇಲೆ ಹನ್ನೆರಡನೆಯ ಮೆಟ್ಟಿಲಿನ ಮೇಲೆ ಒತ್ತಿ ಮೀಟಿ. ಎರಡೂ ಒಂದೇ ಸ್ವರದ ಕೆಳಗಿನ ಮತ್ತು ಮೇಲಿನ ರೂಪವಾಗಿ ಕೇಳಬೇಕು. ಕಿವಿಗೆ ಚುಚ್ಚಿದರೆ ಹಳೆಯ ತಂತಿಗಳನ್ನು ಬದಲಾಯಿಸಿ ನೋಡಿ. ಆಗಲೂ ಸರಿಹೋಗದಿದ್ದರೆ ಮೈಸೂರಿನಲ್ಲಿ ವೀಣೆ ರಿಪೇರಿ ಮಾಡುವವರ ಹತ್ತಿರ ತಂದು ಹೊಸದಾಗಿ ಮೇಣ ಹಾಕಿಸಿ ಮೆಟ್ಟಿಲುಗಳನ್ನು ಕೂರಿಸಬೇಕಾಗುತ್ತದೆ. ತಂತಿಗೆ ತುಕ್ಕು ಹಿಡಿದಿದ್ದರೆ ಅದನ್ನು ಬಿಗಿಮಾಡಲು ಹೋಗಬೇಡಿ. ಹರಿದು ಮುಖಕ್ಕೆ ಹೊಡೆಯಬಹುದು.

ಇನ್ನು ಸ್ವರಗಳ ವಿಷಯ. ಒಂದೊಂದು ಮೆಟ್ಟಿಲೂ ಅರ್ಧ ಸ್ವರದ ಅಂತರದಲ್ಲಿರುವುದರಿಂದ ಲೆಕ್ಕ ಸುಲಭ. ಮೇರುವಿನ, ಅಂದರೆ ಬಿರಡೆಗಳಿರುವ ತುದಿಯ, ಕಡೆಯಿಂದ ಎಣಿಸಿಕೊಂಡು ಬನ್ನಿ. ಸಾರಣಿಯನ್ನು ಒತ್ತದೆ ಮೀಟಿದರೆ ಷಡ್ಜ. ಎರಡನೆಯ ಮೆಟ್ಟಿಲು ರಿಷಭ, ಮೂರನೆಯದು ಗಾಂಧಾರ, ಏಳನೆಯದು ಪಂಚಮ, ಒಂಬತ್ತನೆಯದು ಧೈವತ, ಹನ್ನೆರಡನೆಯದು ಮೇಲಿನ ಷಡ್ಜ. ಈ ಐದು ಮೆಟ್ಟಿಲುಗಳನ್ನು ಕೈ ಕಂಡುಕೊಂಡರೆ ಶಿವರಂಜನಿ ತಮ್ಮ ಮನೆಗೆ ಬಂದಂತೆ. ಗಾಂಧಾರಕ್ಕಾಗಿ ಬೆರಳು ಒಂದು ಮೆಟ್ಟಿಲು ಮುಂದೆ ಸರಿದು ನಾಲ್ಕನೆಯದರ ಮೇಲೆ ಕುಳಿತರೆ ಆಗ ಕೇಳುವುದು ಮೋಹನ, ಆ ಹಬ್ಬದ ದಿನದ ರಾಗ. ಎರಡಕ್ಕೂ ನಡುವೆ ಇರುವುದು ಅದೊಂದೇ ಮೆಟ್ಟಿಲು. ಮಂಡ್ಯದ ತಾಯಿಯವರ ನಾದಿನಿಗೂ ಇದನ್ನು ನುಡಿಸಿ ತೋರಿಸಬೇಕೆಂದು ನನಗೆ ಅನ್ನಿಸುತ್ತದೆ.

ಮೊದಲ ಒಂದು ವಾರ ಧ್ವನಿಯನ್ನು ನುಡಿಸಲು ಹೋಗಬೇಡಿ. ಈ ಐದು ಮೆಟ್ಟಿಲುಗಳ ಮೇಲೆ ನಿಧಾನವಾಗಿ ಹತ್ತಿ ಇಳಿಯಿರಿ. ಬೆರಳನ್ನು ಮೆಟ್ಟಿಲಿನ ಮೇಲೆಯೇ ಊರದೆ, ಅದಕ್ಕೆ ತೀರ ಹತ್ತಿರ, ಸ್ವಲ್ಪ ಹಿಂದೆ ಇಟ್ಟು ಒತ್ತಿದರೆ ನಾದ ಒಡೆಯದೆ ಬರುತ್ತದೆ. ಬೆರಳ ತುದಿ ಮೊದಮೊದಲು ಉರಿಯುತ್ತದೆ. ತಂತಿಯ ಗೆರೆ ಚರ್ಮದ ಮೇಲೆ ಉಳಿಯುತ್ತದೆ. ಎಣ್ಣೆ ಸವರಿಕೊಂಡರೆ ಕೈಗೂ ತಂತಿಗೂ ಹಿತ. ಆಮೇಲೆ ಆ ಧ್ವನಿಯನ್ನು ತುಂಡು ತುಂಡಾಗಿ ಕೇಳಿ, ಬಾಯಲ್ಲಿ ಗುನುಗಿ, ಗುನುಗಿದ್ದನ್ನು ತಂತಿಯ ಮೇಲೆ ಹುಡುಕಿ. ಪಿಟೀಲಿನಲ್ಲಿ ಕಮಾನು ಎಳೆದಷ್ಟು ಹೊತ್ತೂ ನಾದ ನಿಲ್ಲುತ್ತದೆ. ವೀಣೆಯಲ್ಲಿ ಮೀಟಿದ ಗಳಿಗೆಯಿಂದಲೇ ಅದು ಕರಗಲು ತೊಡಗುತ್ತದೆ. ಆದುದರಿಂದ ಉದ್ದನೆಯ ಸ್ವರ ಬಂದಲ್ಲಿ ಅವಸರಪಟ್ಟು ಮತ್ತೆ ಮೀಟಬೇಡಿ. ಅದು ಪೂರ್ತಿ ಕೇಳದಂತಾಗುವವರೆಗೆ ಬೆರಳನ್ನು ಎತ್ತದೆ ಕಾಯಿರಿ. ತಮ್ಮ ಪತ್ನಿಯವರು ನುಡಿಸುವಾಗ ಎಲ್ಲಿ ನಿಲ್ಲುತ್ತಿದ್ದರು ಎಂಬುದು ತಮಗೆ ಅಲ್ಲಿ ನೆನಪಾಗಬಹುದು. ನೆನಪಾದರೆ ನಾನು ಹೇಳಿದ್ದನ್ನು ಬಿಟ್ಟು ಅವರು ನಿಂತಲ್ಲಿಯೇ ನಿಲ್ಲಿ.

ಗವಸು ತೆಗೆದ ದಿನ ವೀಣೆಯನ್ನು ಒಣ ಹತ್ತಿಯ ಬಟ್ಟೆಯಿಂದ ಒರೆಸಿದರೆ ಸಾಕು, ಒದ್ದೆ ಬಟ್ಟೆ ಬೇಡ. ಮೆಟ್ಟಿಲುಗಳ ನಡುವಿನ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯಿರಿ. ಮೇಣದ ಮೇಲೆ ಅವರ ಬೆರಳಿನ ಗುರುತೇನಾದರೂ ಉಳಿದಿದ್ದರೆ ರಿಪೇರಿಯವರಿಗೆ ಕೊಡುವ ಮೊದಲು ಒಮ್ಮೆ ನೋಡಿಟ್ಟುಕೊಳ್ಳಿ.